ಸಾಕೆಟ್ ಒಂದೇ ಇದ್ದರೆ ಸಾಕೇ?

ಪ್ರಶ್ನೆ: ನಮ್ಮ ಕಚೇರಿಯಲ್ಲಿ ಎರಡು ಝಿಯಾನ್ ಇ5520 ಪ್ರೊಸೆಸರ್‌ಗಳಿರುವ ಡೆಲ್ ಪವರ್‌ಎಡ್ಜ್ ಆರ್710 ಸರ್ವರ್ ಇದೆ. ಬಳಸಿದ ಎಕ್ಸ್5690 ಪ್ರೊಸೆಸರ್ ಒಂದು ಅಗ್ಗವಾಗಿ ಸಿಗುತ್ತಿದೆ. ಎರಡೂ ಮಾದರಿಗಳು ಕೂರುವ ಸಾಕೆಟ್ ಒಂದೇ ಬಗೆಯದಾದ್ದರಿಂದ ಧಾರಾಳವಾಗಿ ಹಾಕಬಹುದೆಂದು ಸ್ನೇಹಿತರು ಹೇಳಿದರೆ, ವೋಲ್ಟೇಜ್ ಹೊಂದದೆ ಬೋರ್ಡ್ ಸುಟ್ಟುಹೋಗುತ್ತದೆಂದು ಅಂಗಡಿಯವರು ಹೆದರಿಸುತ್ತಾರೆ. ಸದ್ಯಕ್ಕೆ ಒಂದನ್ನು ಮಾತ್ರ ಬದಲಾಯಿಸಬಹುದೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಇಬ್ಬರ ಮಾತೂ ಅರ್ಧ ಸರಿ. ಅಂಗಡಿಯವರ ಭಯಕ್ಕೆ ಆಧಾರವಿದ್ದದ್ದು ಪೆಂಟಿಯಂ 3ರ ಕಾಲದಲ್ಲಿ. ಆಗ ಒಂದೇ 370 ಪಿನ್‌ಗಳ ಸಾಕೆಟ್‌ನಲ್ಲಿ ಕೂರುತ್ತಿದ್ದ ಕಾಪರ್‌ಮೈನ್ ಪ್ರೊಸೆಸರ್‌ಗೆ ಸುಮಾರು 1.65ರಿಂದ 1.75 ವೋಲ್ಟ್ ಬೇಕಿದ್ದರೆ, ಅನಂತರ ಬಂದ ಟುವಾಲಟಿನ್ ಪೆಂಟಿಯಂ 3-ಎಸ್‌ಗೆ 1.45 ವೋಲ್ಟ್ ಸಾಕಿತ್ತು. ಪ್ರೊಸೆಸರ್ ಬೋರ್ಡಿನೊಡನೆ ಮಾತಾಡುವ ದಾರಿಯಾದ ಬಸ್‌ನ ವೋಲ್ಟೇಜ್ ಕೂಡ 1.5ರಿಂದ 1.25ಕ್ಕೆ ಇಳಿದಿತ್ತು. ಹಾಗಾಗಿ ಹಳೆಯ ಎರಡು ಸಾಕೆಟ್‌ಗಳ ಬೋರ್ಡ್‌ನಲ್ಲಿ ಹೊಸ ಚಿಪ್ ಸಲೀಸಾಗಿ ಕೂತರೂ ಕೆಲಸ ಮಾಡುತ್ತಿರಲಿಲ್ಲ.

ನಿಮ್ಮ ಸರ್ವರ್‌ನಲ್ಲಿ ಆ ತೊಡಕಿಲ್ಲ. ಇ5520 ಸೇರಿರುವ 2009ರ 5500 ಸರಣಿಯಾಗಲಿ, ಎಕ್ಸ್5690 ಸೇರಿರುವ, 2010ರಲ್ಲಿ ಬಂದ 5600 ಸರಣಿಯಾಗಲಿ, ತನಗೆ ಎಷ್ಟು ವೋಲ್ಟ್ ಬೇಕೆಂಬುದನ್ನು ವಿಐಡಿ ಎಂಬ ಸಂಕೇತದ ಮೂಲಕ ತಾನೇ ಕೇಳಿ ಪಡೆಯುತ್ತದೆ. ಎರಡೂ ಸರಣಿಗಳ ವಿಐಡಿ ವ್ಯಾಪ್ತಿ 0.75ರಿಂದ 1.35 ವೋಲ್ಟ್. ಅಡ್ಡಿಯಾಗುವುದು ವೋಲ್ಟೇಜ್ ಅಲ್ಲ, ಕರೆಂಟ್, ಅಂದರೆ ಆಂಪಿಯರ್‌ನಲ್ಲಿ ಅಳೆಯುವ ವಿದ್ಯುತ್ ಹರಿವು. ಇ5520ರ ಮಿತಿ 80 ವಾಟ್, ಎಕ್ಸ್5690ರದು 130 ವಾಟ್. 1.2 ವೋಲ್ಟ್ ಎಂದು ಹಿಡಿದರೆ ಮೊದಲನೆಯದು ಸುಮಾರು 67 ಆಂಪಿಯರ್ ಎಳೆದರೆ ಎರಡನೆಯದು 108 ಆಂಪಿಯರ್ ಎಳೆಯುತ್ತದೆ, ಮತ್ತು ಅಷ್ಟನ್ನೂ ಸಾಕೆಟ್‌ನ ಪಕ್ಕದಲ್ಲಿರುವ ವೋಲ್ಟೇಜ್ ರೆಗ್ಯುಲೇಟರ್ ಬಿಸಿಯಾಗದೆ ಒದಗಿಸಬೇಕು.

ಆರ್710ರಲ್ಲಿ ಎರಡು ತಲೆಮಾರಿನ ಬೋರ್ಡ್‌ಗಳಿವೆ. ಮೊದಲನೆಯದು 5600 ಸರಣಿಯಲ್ಲಿ 95 ವಾಟ್‌ವರೆಗಿನವನ್ನು ಒಪ್ಪುತ್ತದೆ, 130 ವಾಟ್‌ನವನ್ನು ಒಪ್ಪುವುದಿಲ್ಲ. ಎರಡನೆಯದು ಅವನ್ನೂ ಒಪ್ಪುತ್ತದೆ. ಸರ್ವರ್‌ನ ಮುಂಭಾಗದಲ್ಲಿ ಹೊರಗೆಳೆಯಬಹುದಾದ ಸರ್ವಿಸ್ ಟ್ಯಾಗ್ ಪಟ್ಟಿಯ ಮೇಲೆ ರೋಮನ್ ಅಂಕಿಯಲ್ಲಿ ಎರಡು ಎಂದು ಮುದ್ರಿಸಿದ್ದರೆ ನಿಮ್ಮದು ಎರಡನೆಯ ತಲೆಮಾರು. ಯಂತ್ರ ಬಿಚ್ಚದೆ, ಸರ್ವರನ್ನು ದೂರದಿಂದ ನಿರ್ವಹಿಸುವ ಡೆಲ್‌ನ ಐಡ್ರಾಕ್ ಪುಟದ ಸಿಸ್ಟಂ ರಿವಿಷನ್ ಸಾಲಿನಲ್ಲೂ ಇದನ್ನು ನೋಡಬಹುದು. ಅದು ಮೊದಲನೆಯ ತಲೆಮಾರಾಗಿದ್ದರೆ 95 ವಾಟ್‌ನ ಎಕ್ಸ್5670 ಅಥವಾ 60 ವಾಟ್‌ನ ಎಲ್5640 ಕೊಳ್ಳಿ. ಎರಡರಲ್ಲೂ ಆರು ಕೋರ್‌ಗಳಿವೆ. ಹಗಲೂ ರಾತ್ರಿ ಓಡುವ ಕಚೇರಿಯ ಸರ್ವರ್‌ಗೆ, ಕರೆಂಟ್ ಬಿಲ್ಲನ್ನೂ ಲೆಕ್ಕಕ್ಕೆ ಹಿಡಿದರೆ, ಬೋರ್ಡ್ ಯಾವುದೇ ಆಗಿರಲಿ ನಾನಂತೂ ಎಲ್5640ನ್ನೇ ಆರಿಸುವೆ.

ಒಂದು ಹಳೆಯದು, ಒಂದು ಹೊಸದು ಎಂಬ ಜೋಡಿ ಮಾತ್ರ ಬೇಡವೇ ಬೇಡ. ಎರಡು ಸಾಕೆಟ್‌ಗಳಲ್ಲೂ ಒಂದೇ ಮಾದರಿ ಇರಬೇಕು. ಪ್ರೊಸೆಸರ್‌ನ ಲೋಹದ ಮುಚ್ಚಳದ ಮೇಲೆ ಕೊರೆದಿರುವ, ಎಸ್‌ಎಲ್ ಎಂದು ಆರಂಭವಾಗುವ ಐದಕ್ಷರದ ಗುರುತು ಎರಡರಲ್ಲೂ ಒಂದೇ ಆಗಿದೆಯೇ ಎಂದು ಕೊಳ್ಳುವಾಗಲೇ ನೋಡಿಕೊಳ್ಳಿ. ಎಕ್ಸ್5690ರಂತೆಯೇ ಕಾಣುವ ಡಬ್ಲ್ಯೂ3690 ಅಗ್ಗಕ್ಕೆ ಸಿಕ್ಕೀತು. ಇನ್ನೊಂದು ಪ್ರೊಸೆಸರ್‌ನೊಡನೆ ಮಾತಾಡಲು ಬೇಕಾದ ಎರಡನೆಯ ಕ್ಯೂಪಿಐ ಕೊಂಡಿ ಅದರಲ್ಲಿಲ್ಲವಾದ್ದರಿಂದ ಜೋಡಿಯಾಗಿ ನಡೆಯದು.

ಹೊಸ ಪ್ರೊಸೆಸರನ್ನು ಗುರುತಿಸಲು ಬೇಕಾದ ಬಯೋಸ್ (ಬೋರ್ಡ್‌ನ ಮೂಲ ತಂತ್ರಾಂಶ) ಅಪ್‌ಡೇಟನ್ನು ಹಳೆಯ ಪ್ರೊಸೆಸರ್‌ಗಳಿರುವಾಗಲೇ ಮುಗಿಸಿ. ಪಿನ್‌ಗಳಿರುವುದು ಪ್ರೊಸೆಸರ್‌ನಲ್ಲಲ್ಲ, ಸಾಕೆಟ್‌ನಲ್ಲಿ. ಟಾರ್ಚ್ ಬೆಳಕನ್ನು ಓರೆಯಾಗಿ ಬಿಟ್ಟರೆ ಬಾಗಿದ ಪಿನ್ ಸಾಲು ತಪ್ಪಿ ಹೊಳೆಯುತ್ತದೆ.

ಪ್ರಶ್ನೆ: ಅದೇ ಸರ್ವರ್‌ಗೆ 1.35 ವೋಲ್ಟ್‌ನ ಡಿಡಿಆರ್3 ರ‍್ಯಾಮ್ ಹಾಕಿದರೆ ತೊಂದರೆಯೇ?

ಉತ್ತರ: ಇಲ್ಲ. ಆ ರ‍್ಯಾಮ್ 1.5 ವೋಲ್ಟ್‌ನಲ್ಲೂ ನಡೆಯುತ್ತದೆ, ಮತ್ತು 5500 ಸರಣಿಯ ಪ್ರೊಸೆಸರ್ ಇರುವಷ್ಟು ದಿನ ಹಾಗೆಯೇ ನಡೆಯುತ್ತದೆ. 5600 ಸರಣಿ ಬಂದ ಮೇಲೂ, ಹಾಕಿದ ರ‍್ಯಾಮ್‌ಗಳಲ್ಲಿ 1.5 ವೋಲ್ಟ್‌ನದು ಒಂದೇ ಒಂದಿದ್ದರೂ ಉಳಿದವೆಲ್ಲ ಅದೇ ವೋಲ್ಟೇಜಿಗೆ ಏರುತ್ತವೆ.