ಸಂಧಿವಾತಕ್ಕೆ ಒಬ್ಬರೇ ಡಾಕ್ಟರ್ ಸಾಲದಾ?

ಅಮ್ಮನ ರುಮಟಾಯ್ಡ್ ಆರ್ಥ್ರೈಟಿಸ್‌ಗೆ (ಕೀಲುಗಳು ಊದಿ ನೋಯುವ ಸಂಧಿವಾತ) ಮಾತ್ರೆ ಕೊಟ್ಟ ಮೇಲೂ ಫಿಸಿಯೋ, ಕಣ್ಣಿನ ಡಾಕ್ಟರ್ ಅಂತ ಯಾಕೆ ಕಳಿಸುತ್ತಾರೆ ಅಂತ ಕೇಳಿದ್ದೀರಿ. ಸುಮ್ನೆ ಅಲೆದಾಡಿಸುತ್ತಿಲ್ಲ, ದಯವಿಟ್ಟು ತಪ್ಪಿಸಬೇಡಿ. ಮಾತ್ರೆ ಊತ ಇಳಿಸುತ್ತದೆ, ಆದರೆ ಸೋತ ಕೈಗೆ ಬಲ ಬರೋದು ವ್ಯಾಯಾಮದಿಂದ. ಆಕ್ಯುಪೇಷನಲ್ ಥೆರಪಿಸ್ಟ್ ಸಿಕ್ಕರಂತೂ ಬಿಡಲೇಬೇಡಿ. ಡಬ್ಬಿ ಮುಚ್ಚಳವನ್ನು ಬೆರಳಲ್ಲಿ ತಿರುಚದೆ ಅಂಗೈಯಿಂದ ಒತ್ತಿ ತೆಗೆಯೋದು, ಪಾತ್ರೆಯನ್ನು ಎರಡೂ ಕೈಯಲ್ಲಿ ಎತ್ತೋದು, ಸೌಟಿನ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಳ್ಳೋದು, ಇಂಥದ್ದೆಲ್ಲ ಕಲಿಸುತ್ತಾರೆ. ನೋವು ಜಾಸ್ತಿ ಆಗೋದು ಅಡುಗೆಮನೆಯಲ್ಲೇ ಅಲ್ವಾ?

ಈ ಕಾಯಿಲೆಗೆ ಕೊಡುವ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆ ವರ್ಷಗಟ್ಟಲೆ ತಗೊಂಡರೆ ರೆಟಿನಾಗೆ (ಕಣ್ಣಿನ ಒಳಪರದೆ) ತೊಂದರೆ ಆಗಬಹುದು, ಅದಕ್ಕೇ ಕಣ್ಣಿನ ಪರೀಕ್ಷೆ. ಇದಕ್ಕೇ ಕೊಡುವ ಇನ್ನೊಂದು ಮಾತ್ರೆ ಮೆಥೋಟ್ರೆಕ್ಸೇಟ್ ಕೊಟ್ಟಿದ್ದರೆ ಅದು ವಾರಕ್ಕೆ ಒಂದೇ ದಿನ. ದಿನಾ ನುಂಗಿದರೆ ಜೀವಕ್ಕೇ ಅಪಾಯ. ರಕ್ತಪರೀಕ್ಷೆ, ಚೀಟಿಗಳೆಲ್ಲ ಒಂದೇ ಫೈಲಲ್ಲಿಟ್ಟು ಪ್ರತಿಯೊಬ್ಬರಿಗೂ ತೋರಿಸಿ.