ಹುಂಜದ ಗೊರಗೊರ: ಬರೀ ನೆಗಡಿನಾ?

ಪ್ರಶ್ನೆ: ನಮ್ಮ ನಾಟಿ ಹುಂಜ ಸೀನುತ್ತದೆ, ರಾತ್ರಿಯೆಲ್ಲ ಗೊರಗೊರ ಅನ್ನುತ್ತದೆ. ಒಂದು ಕಣ್ಣು ಊದಿಕೊಂಡಿದೆ. ಮನೆಯಲ್ಲಿರುವ ಮಾತ್ರೆ ಪುಡಿ ಮಾಡಿ ಕೊಡಬಹುದಾ?

ಉತ್ತರ: ಬೇಡವೇ ಬೇಡ. ಮೊದಲು ಹುಂಜವನ್ನು ಬೇರೆ ಇಡಿ, ನೀರಿನ ಬಟ್ಟಲೂ ಬೇರೆಯೇ ಇರಲಿ. ಆಮೇಲೆ ಅದರ ಮೂಗಿನ ಹತ್ತಿರ ಮೂಸಿ ನೋಡಿ, ಅಸಹ್ಯ ಅನ್ನಿಸಿದರೂ ಪರವಾಗಿಲ್ಲ. ಮುಖ ಊದಿ, ಅಂಟು ಸಿಂಬಳ ಗಬ್ಬು ನಾರುತ್ತಿದ್ದರೆ ಕೊರೈಜಾ, ಅಂದರೆ ಬ್ಯಾಕ್ಟೀರಿಯಾದಿಂದ ಬರುವ ಕೋಳಿ ನೆಗಡಿ ಇರಬಹುದು. ವಾಸನೆ ಇಲ್ಲದೆ ವಾರಗಟ್ಟಲೆ ಗೊರಗೊರ ಎಳೆದರೆ ಮೈಕೋಪ್ಲಾಸ್ಮಾ ರೋಗಾಣುವಿನಿಂದ ಬರುವ ದೀರ್ಘಕಾಲದ ಉಸಿರಾಟದ ರೋಗ, ಅಂದರೆ ಸಿಆರ್‌ಡಿ ಮೇಲೆ ಅನುಮಾನ. ಎರಡಕ್ಕೂ ಆಂಟಿಬಯೋಟಿಕ್ ಇದೆ, ಆದರೆ ಯಾವುದು, ಎಷ್ಟು ಅಂತ ಪಶುವೈದ್ಯರೇ ಹೇಳಬೇಕು, ಮತ್ತು ಔಷಧಿ ಮುಗಿದ ಮೇಲೂ ಅವರು ಹೇಳಿದಷ್ಟು ದಿನ ಹುಂಜವನ್ನು ಕೊಯ್ದು ಸಾರು ಮಾಡುವಂತಿಲ್ಲ. ವಾಸಿಯಾಗಿ ಜೋರಾಗಿ ಕೂಗಿದರೂ ರೋಗಾಣು ಮೈಯಲ್ಲೇ ಉಳಿದಿರಬಹುದು. ಹಾಗಾಗಿ ಸಂತೆಗೆ ಒಯ್ದು ಬೇರೆಯವರ ತಲೆಗೆ ಕಟ್ಟಬೇಡಿ.

ಹಸಿರು ಬೇದಿ, ಕತ್ತು ತಿರುಚುವುದು ಕಂಡರೆ ಕೊಕ್ಕರೆ ರೋಗದ (ರಾಣಿಖೇತ್) ಲಕ್ಷಣ. ಅದಕ್ಕೆ ಮದ್ದಿಲ್ಲ, ಲಸಿಕೆಯೇ ಗತಿ: ಮರಿಗೆ ಮೊದಲ ವಾರದಲ್ಲಿ ಲಸೋಟಾ ಅಥವಾ ಎಫ್1, ಸುಮಾರು 8 ವಾರಕ್ಕೆ ಆರ್2ಬಿ. ಕೋಳಿಗಳು ಒಟ್ಟೊಟ್ಟಿಗೆ ಸಾಯತೊಡಗಿದರೆ ಬರಿಗೈಯಲ್ಲಿ ಮುಟ್ಟದೆ ಕೂಡಲೇ ಪಶು ಆಸ್ಪತ್ರೆಗೆ ತಿಳಿಸಿ.

ಗೂಡಿನ ಹಿಕ್ಕೆಯ ಘಾಟು ನಿಮ್ಮ ಕಣ್ಣಿಗೇ ಉರಿ ತರುತ್ತಿದ್ದರೆ ಕೋಳಿಯ ಉಸಿರಿಗೂ ಕಷ್ಟವೇ, ಇವತ್ತೇ ಹಿಕ್ಕೆಯನ್ನು ಬಳಿದು ಹೊರಗೆ ಹಾಕಿ.