ಸುಟ್ಟ ಸುಣ್ಣದ ತೂಕ ಕಡಿಮೆಯಾಗುವುದೇಕೆ?

ಪ್ರಶ್ನೆ: ನಾನು ಪ್ರಥಮ ಪಿಯುಸಿ ವಿದ್ಯಾರ್ಥಿನಿ. 250 ಗ್ರಾಂ ಶುದ್ಧ ಸುಣ್ಣದಕಲ್ಲನ್ನು ಪೂರ್ತಿ ಸುಟ್ಟರೆ ಎಷ್ಟು ಸುಟ್ಟ ಸುಣ್ಣ ಸಿಗುತ್ತದೆ ಎಂಬ ಲೆಕ್ಕದಲ್ಲಿ, ಸಮೀಕರಣವು ಒಂದಕ್ಕೆ ಒಂದು ಎನ್ನುವುದರಿಂದ 250 ಗ್ರಾಂ ಎಂದೇ ಬರೆದೆ. ಉತ್ತರ ತಪ್ಪಾಯಿತು. ಮೋಲ್‌ನ ಗೊಡವೆಯಿಲ್ಲದೆ ನೇರವಾಗಿ ಗ್ರಾಂನಲ್ಲಿ ಲೆಕ್ಕ ಮಾಡಬಾರದೇಕೆ?

ಉತ್ತರ: ನೀವು ಸಮೀಕರಣವನ್ನು ಸರಿಯಾಗಿಯೇ ಬರೆದಿದ್ದೀರಿ, ಆದರೆ ಅದರಲ್ಲಿರುವ ಎಣಿಕೆಯನ್ನು ತೂಕವೆಂದು ಓದಿಕೊಂಡಿದ್ದೀರಿ. ಸುಣ್ಣದಕಲ್ಲಿನ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟಿನ (CaCO₃) ಒಂದು ಘಟಕ ಒಡೆದರೆ ಸುಟ್ಟ ಸುಣ್ಣದ, ಅಂದರೆ ಕ್ಯಾಲ್ಸಿಯಂ ಆಕ್ಸೈಡಿನ (CaO) ಒಂದು ಘಟಕ ಉಳಿದು, ಕಾರ್ಬನ್ ಡೈಆಕ್ಸೈಡಿನ ಒಂದು ಅಣು ಗಾಳಿಗೆ ಸೇರುತ್ತದೆ ಎಂದಷ್ಟೇ ಅದು ಹೇಳುತ್ತದೆ. ಕರಾವಳಿಯಲ್ಲಿ ಚಿಪ್ಪು ಸುಟ್ಟು ಸುಣ್ಣ ಮಾಡುವವರಿಗೆ ಇದು ಕೈಯಳತೆಯಲ್ಲೇ ಗೊತ್ತು: ಗೂಡಿಗೆ ಹಾಕಿದ ಚಿಪ್ಪು ಹೊರಬರುವಾಗ ಹಗುರವಾಗಿರುತ್ತದೆ.

ಕಣಗಳನ್ನು ಒಂದೊಂದಾಗಿ ಎಣಿಸಲಾಗದು, ತಕ್ಕಡಿಯಲ್ಲಿ ತೂಗಬಹುದು. ಈ ತೊಡಕಿಗಾಗಿಯೇ ಮೋಲ್ ಇರುವುದು. ಒಂದು ಮೋಲ್ ಎಂದರೆ ಸುಮಾರು 602ರ ಮುಂದೆ 21 ಸೊನ್ನೆ ಇಟ್ಟಷ್ಟು ಕಣಗಳು. 2019ರಿಂದ ಈ ಸಂಖ್ಯೆಗೆ ನಿಖರ ಬೆಲೆಯೊಂದನ್ನು ಗೊತ್ತುಪಡಿಸಿ, ಮೋಲ್‌ನ ವ್ಯಾಖ್ಯೆಯನ್ನು ಅದರ ಮೇಲೆಯೇ ನಿಲ್ಲಿಸಲಾಗಿದೆ. ಪರಮಾಣು ತೂಕಗಳನ್ನು ಕ್ಯಾಲ್ಸಿಯಂ 40, ಕಾರ್ಬನ್ 12, ಆಕ್ಸಿಜನ್ 16 ಎಂದು ಹಿಡಿದರೆ, ಒಂದು ಮೋಲ್ ಕಾರ್ಬೊನೇಟ್ 100 ಗ್ರಾಂ, ಆಕ್ಸೈಡ್ 56 ಗ್ರಾಂ, ಹೊರಟುಹೋಗುವ ಅನಿಲ 44 ಗ್ರಾಂ ತೂಗುತ್ತವೆ. ನಿಮ್ಮ 250 ಗ್ರಾಂ ಎಂದರೆ 2.5 ಮೋಲ್; ಅದರಿಂದ ಸಿಗುವುದೂ 2.5 ಮೋಲ್ ಸುಟ್ಟ ಸುಣ್ಣ, ಅಂದರೆ 140 ಗ್ರಾಂ. ಉಳಿದ 110 ಗ್ರಾಂ ಅನಿಲವಾಗಿ ಹೋಗಿದೆ. ಎರಡನ್ನೂ ಕೂಡಿಸಿ 250 ಬರುತ್ತದೆಯೇ ಎಂದು ನೋಡುವ ಅಭ್ಯಾಸ ಇಟ್ಟುಕೊಳ್ಳಿ.

ಮುಂದಿನ ಪಾಠದಲ್ಲಿ ಬಹಳ ಮಕ್ಕಳು ಎಡವುವ ಜಾಗವನ್ನೂ ಇದೇ ಸುಣ್ಣದಲ್ಲಿ ತೋರಿಸಬಹುದು. ಈ 140 ಗ್ರಾಂ ಸುಣ್ಣಕ್ಕೆ 36 ಗ್ರಾಂ ನೀರು ಹಾಕಿದಿರಿ ಎನ್ನಿ. ನೀರಿನ ಒಂದು ಮೋಲ್ 18 ಗ್ರಾಂ ಆದ್ದರಿಂದ ಇಲ್ಲಿರುವುದು 2 ಮೋಲ್. ಒಂದು ಮೋಲ್ ಸುಣ್ಣ ಅರಳಲು ಒಂದು ಮೋಲ್ ನೀರು ಬೇಕು. ಹೀಗಾಗಿ ನೀರು ಮೊದಲು ಮುಗಿದು, 2 ಮೋಲ್ ಅಂದರೆ 148 ಗ್ರಾಂ ಅರಳಿದ ಸುಣ್ಣವಾಗುತ್ತದೆ, 28 ಗ್ರಾಂ ಸುಟ್ಟ ಸುಣ್ಣ ಹಾಗೆಯೇ ಉಳಿಯುತ್ತದೆ. ಯಾವ ಪ್ರತಿವರ್ತಕ (ಕ್ರಿಯೆಯಲ್ಲಿ ಬಳಕೆಯಾಗುವ ವಸ್ತು) ಮೊದಲು ಮುಗಿಯುತ್ತದೋ ಅದರಿಂದಲೇ ಉತ್ಪನ್ನದ ಲೆಕ್ಕ ಹಾಕಬೇಕು. ತೂಕದಲ್ಲಿ ಕಡಿಮೆ ಇರುವುದೇ ಮೊದಲು ಮುಗಿಯುತ್ತದೆಂದು ಭಾವಿಸಬಾರದು, ಏಕೆಂದರೆ ಇಲ್ಲಿ 45 ಗ್ರಾಂ ನೀರಿದ್ದಿದ್ದರೂ 140 ಗ್ರಾಂ ಸುಣ್ಣವೆಲ್ಲ ಅರಳುತ್ತಿತ್ತು. ವಾಸ್ತವದಲ್ಲಿ ಸುಣ್ಣ ಅರಳುವಾಗಿನ ಬಿಸಿಗೆ ಒಂದಷ್ಟು ನೀರು ಆವಿಯಾಗುವುದರಿಂದ ಹೆಚ್ಚೇ ಹಾಕುತ್ತಾರೆ. ಪರೀಕ್ಷೆಯ ಲೆಕ್ಕದಲ್ಲಿ ಆ ನಷ್ಟವನ್ನು ಹೇಳದ ಹೊರತು ಸೇರಿಸಬೇಡಿ.